ಜೋನಿ ಬೆಲ್ಲದ ಬಾಟಲಿಯ ಮೇಲೆ ಏನು ಬರೆಯಬೇಕು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ಜೊತೆಗೆ ಸ್ವಲ್ಪ ಕಬ್ಬೂ ಇದೆ. ಪ್ರತಿ ವರ್ಷ ಆಲೆಮನೆ ಹೂಡಿ ಜೋನಿ ಬೆಲ್ಲ, ಅಂದರೆ ಸುರಿಯುವಂಥ ದ್ರವ ಬೆಲ್ಲ, ತೆಗೆಯುತ್ತೇವೆ. ಮೊದಲೆಲ್ಲ ಡಬ್ಬದ ಲೆಕ್ಕದಲ್ಲಿ ಊರವರಿಗೆ, ನೆಂಟರಿಗೆ ಕೊಟ್ಟು ಮುಗಿಯುತ್ತಿತ್ತು. ಹೋದ ವರ್ಷದಿಂದ ಬೆಂಗಳೂರಿನಲ್ಲಿರುವ ಮಗಳು ಬಾಟಲಿಯಲ್ಲಿ ತರಿಸಿಕೊಂಡು ಅಲ್ಲಿ ಮಾರುತ್ತಿದ್ದಾಳೆ. ಬೇಕೆಂದಾಗ ಡಬ್ಬದಿಂದ ಬಾಟಲಿಗೆ ತುಂಬಿ ಕಳಿಸುತ್ತೇವೆ. ಜುಲೈನಲ್ಲಿ ಕಳಿಸಿದ ಬಾಟಲಿಗಳ ಮುಚ್ಚಳ ಉಬ್ಬಿ, ಬೆಲ್ಲ ಹುಳಿಯಾಗಿ ವಾಪಸು ಬಂದವು. ಕೊಳ್ಳುವವರ ಪ್ರಶ್ನೆಗಳೂ ಬಹಳ. ಇಷ್ಟು ಕಪ್ಪು ಯಾಕೆ, ತಳದಲ್ಲಿರುವ ಹರಳು ಸಕ್ಕರೆಯಲ್ಲವೇ, ಶುಗರ್ ಇದ್ದವರು ತಿನ್ನಬಹುದೇ ಎಂದು ಕೇಳುತ್ತಾರೆ. ಲೇಬಲ್ ಮೇಲೆ ‘ಸಕ್ಕರೆರಹಿತ, ಮಧುಮೇಹಿಗಳಿಗೆ ಸುರಕ್ಷಿತ, ರಕ್ತ ಹೆಚ್ಚಿಸುತ್ತದೆ’ ಎಂದು ಹಾಕಿದರೆ ಚೆನ್ನಾಗಿ ಹೋಗುತ್ತದೆ ಎನ್ನುತ್ತಾಳೆ ಮಗಳು. ನಮ್ಮ ಮನೆಯವರಿಗೆ ಅದು ಸರಿ ಕಾಣುತ್ತಿಲ್ಲ. ಶುಂಠಿ, ಅರಿಶಿನ ಸೇರಿಸಿ ಎಂಬ ಸಲಹೆಯೂ ಇದೆ. ಏನು ಮಾಡುವುದು?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಒಳಗೆ ಕೊರೆಯುತ್ತಿರುವುದು ಒಂದೇ. ಆರೋಗ್ಯದ ಬಗ್ಗೆ ಎಚ್ಚರ ಇರುವ ಪೇಟೆಯ ಜನರಿಗೆ ಹಿಡಿಸಬೇಕೆಂದರೆ ಜೋನಿ ಬೆಲ್ಲವನ್ನು ಔಷಧಿ ಎಂದು ತೋರಿಸಲೇಬೇಕೇ? ಬೇಡ. ಲೇಬಲ್ ವಿಷಯದಲ್ಲಿ ನಿಮ್ಮ ಮನೆಯವರು ಹೇಳುವುದು ಸರಿ. ಹಾಗೆಂದು ಮಗಳ ಪ್ರಯತ್ನ ಕೈಬಿಡುವಂಥದ್ದಲ್ಲ, ಡಬ್ಬದಿಂದ ಬಾಟಲಿಗೆ ಬರಬೇಕು ಎಂದು ಅವಳು ಕಂಡುಕೊಂಡಿದ್ದು ಸರಿಯಾದ ದಾರಿಯೇ. ಮಲೆನಾಡಿನ ಸಣ್ಣ ಆಹಾರ ಉದ್ಯಮಗಳ ಜೊತೆ ಕೆಲಸ ಮಾಡುತ್ತ ನಾನು ಗಮನಿಸಿದ್ದು ಇದು: ಲೇಬಲ್ ನೋಡಿ ಕೊಳ್ಳುವ ಗ್ರಾಹಕರು ಹಿಂದಿನ ಸಣ್ಣ ಅಕ್ಷರವನ್ನೂ ಓದುತ್ತಾರೆ. ಮುಂದೆ ಒಂದು, ಹಿಂದೆ ಇನ್ನೊಂದು ಇದ್ದರೆ ಎರಡನೇ ಬಾಟಲಿ ಕೊಳ್ಳುವುದಿಲ್ಲ.

ಮೊದಲು ಶುಗರ್‌ನ ಮಾತು ಮುಗಿಸೋಣ. ಬೆಲ್ಲ ಸಕ್ಕರೆಗಿಂತ ಬೇರೆ, ಆದ್ದರಿಂದ ಸಕ್ಕರೆ ಕಾಯಿಲೆಗೆ ತೊಂದರೆ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದು ತಪ್ಪು. ಜೋನಿ ಬೆಲ್ಲದಲ್ಲಿ ಇರುವುದು ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆ ಕಾರ್ಖಾನೆಯಿಂದ ಬರುವ ಅದೇ ವಸ್ತು. ಜೊತೆಗೆ ಕುದಿಯುವಾಗ ಆ ಸುಕ್ರೋಸ್‌ನ ಒಂದು ಪಾಲು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿರುತ್ತದೆ. ಉಳಿದದ್ದು ನೀರು, ಸ್ವಲ್ಪ ಖನಿಜ, ಬಣ್ಣ ಮತ್ತು ಪರಿಮಳ ಕೊಡುವ ಅಂಶಗಳು. ಇದನ್ನು ತಿಂದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಹಾಗಾಗಿ ಮಧುಮೇಹ ಇದ್ದವರು ಕೇಳಿದರೆ ‘ಇದನ್ನೂ ಸಕ್ಕರೆ ಲೆಕ್ಕಕ್ಕೇ ಹಿಡಿಯಿರಿ, ಎಷ್ಟು ತಿನ್ನಬಹುದು ಎಂದು ನಿಮ್ಮ ವೈದ್ಯರನ್ನು ಕೇಳಿ’ ಎಂದು ಹೇಳಬೇಕು. ನಿಮ್ಮ ಬಾಟಲಿಯನ್ನು ನಂಬಿ ಯಾರೋ ಒಬ್ಬರು ದಿನಾ ದೋಸೆಗೆ ಸುರಿದುಕೊಂಡರೆ ಅವರ ಕಾಲಿನ, ಕಣ್ಣಿನ, ಕಿಡ್ನಿಯ ತೊಂದರೆಗೆ ನೀವು ಕಾರಣರಾಗುತ್ತೀರಿ. ಇದನ್ನು ಮಗಳಿಗೆ ಸಮಾಧಾನದಲ್ಲಿ ಹೇಳಿ.

ಕಾನೂನಿನ ಮಾತೂ ಇದೆ. 100 ಗ್ರಾಂ ಆಹಾರದಲ್ಲಿ ಸಕ್ಕರೆ ಅಂಶ ಅರ್ಧ ಗ್ರಾಂ ಮೀರದಿದ್ದರೆ ಮಾತ್ರ ‘ಶುಗರ್ ಫ್ರೀ’ ಎನ್ನಬಹುದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳು ಹೇಳುತ್ತವೆ. ಆಹಾರವೊಂದು ರೋಗ ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಬರೆಯುವ ಹಾಗೂ ಇಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ₹10 ಲಕ್ಷದವರೆಗೂ ದಂಡ ಇದೆ. ಆಲೆಮನೆಯ ಒಂದು ಇಡೀ ಹಂಗಾಮಿನ ದುಡಿಮೆಯನ್ನು ಒಂದು ಸಾಲಿನ ಆಸೆಗೆ ಒಡ್ಡಬೇಡಿ.

‘ರಕ್ತ ಹೆಚ್ಚಿಸುತ್ತದೆ’ ಎಂಬುದರಲ್ಲಿ ಎಳ್ಳಷ್ಟು ನಿಜ ಇದೆ. ಬೆಲ್ಲದಲ್ಲಿ ಕಬ್ಬಿಣದ ಅಂಶ ಉಂಟು, ಕಬ್ಬಿಣದ ಕೊಪ್ಪರಿಗೆಯಿಂದಲೂ ಸ್ವಲ್ಪ ಸೇರುತ್ತದೆ. ಆದರೆ ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ನಿಗದಿ ಮಾಡಿದೆ. ಒಂದು ದೊಡ್ಡ ಚಮಚ ಜೋನಿಯಲ್ಲಿ ಸಿಗುವುದು ಒಂದೆರಡು ಮಿಲಿಗ್ರಾಂ ದಾಟುವುದಿಲ್ಲ, ಅದರಲ್ಲೂ ದೇಹ ಹೀರಿಕೊಳ್ಳುವುದು ಕೊಂಚವೇ. ರಕ್ತಹೀನತೆ ಇದ್ದವರು ಬೆಲ್ಲ ನಂಬಿ ಮಾತ್ರೆ ಬಿಟ್ಟರೆ ಅಪಾಯ. ಇನ್ನು ಶ್ವಾಸಕೋಶ ಶುದ್ಧಿ, ಲಿವರ್ ಶುದ್ಧಿ ಎಂದೆಲ್ಲ ವಾಟ್ಸಾಪಿನಲ್ಲಿ ಬರುವುದನ್ನು ಲೇಬಲ್ ಹತ್ತಿರವೂ ಸುಳಿಯಗೊಡಬೇಡಿ.

ಈಗ ಉಬ್ಬಿದ ಮುಚ್ಚಳಕ್ಕೆ ಬರೋಣ. ನಿಮ್ಮ ವ್ಯಾಪಾರಕ್ಕೆ ನಿಜವಾದ ಪೆಟ್ಟು ಇಲ್ಲಿದೆ, ಲೇಬಲ್‌ನಲ್ಲಲ್ಲ.

ಬೆಲ್ಲ ಹುಳಿಯಾಗುವುದು ಯೀಸ್ಟ್ ಎಂಬ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯಿಂದ. ತುಂಬಾ ಸಿಹಿಯಾದ, ನೀರು ಕಡಿಮೆ ಇರುವ ಜಾಗದಲ್ಲೂ ಬದುಕಬಲ್ಲ ಕೆಲವು ಜಾತಿಯ ಯೀಸ್ಟ್‌ಗಳಿವೆ. ಗಾಣದಲ್ಲಿ, ಕಬ್ಬಿನ ಸಿಪ್ಪೆಯಲ್ಲಿ, ಸೌಟಿನಲ್ಲಿ, ಗಾಳಿಯಲ್ಲಿ ಎಲ್ಲ ಕಡೆ ಅವು ಇರುತ್ತವೆ. ಪಾಕ ಕುದಿಯುವಾಗ ಸಾಯುತ್ತವೆ. ಆದರೆ ತಣ್ಣಗಾದ ಮೇಲೆ ಡಬ್ಬದಲ್ಲಿ ಮತ್ತೆ ಸೇರಿಕೊಳ್ಳುತ್ತವೆ. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತು. ಜೂನ್ ಜುಲೈಯಲ್ಲಿ, ಗೋಡೆಗೇ ಬೂಸ್ಟು ಹಿಡಿಯುವ ನಮ್ಮ ಮಳೆಗಾಲದಲ್ಲಿ, ಡಬ್ಬದ ಬಾಯಿ ಒಂದೊಂದು ಸಲ ತೆಗೆದಾಗಲೂ ಮೇಲ್ಪದರ ಇನ್ನಷ್ಟು ತೆಳುವಾಗುತ್ತದೆ. ಅದರ ಜೊತೆ ಹರಳು ತಳಕ್ಕಿಳಿದರೆ ಮೇಲೆ ಉಳಿಯುವ ರಸದಲ್ಲಿ ಸಕ್ಕರೆಯ ಪ್ರಮಾಣ ಮೊದಲಿಗಿಂತ ಕಡಿಮೆಯಾಗುತ್ತದೆ. ಯೀಸ್ಟ್‌ಗೆ ಬೇಕಾದದ್ದು ಅದೇ. ನೀವು ಆ ಮೇಲಿನ ತೆಳು ಭಾಗವನ್ನು ಸೌಟಿನಲ್ಲಿ ತೆಗೆದು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದ್ದೀರಿ. ಒಳಗೆ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಹೊರಹೋಗಲು ದಾರಿ ಇಲ್ಲದೆ ಮುಚ್ಚಳ ಉಬ್ಬಿದೆ. ಊರಿನ ಡಬ್ಬದಲ್ಲಿ ಇದೇ ಆಗುತ್ತಿತ್ತು. ಅಲ್ಲಿ ಮೇಲಿನ ನೊರೆ ತೆಗೆದು ಮತ್ತೆ ಕಾಸಿ ಬಳಸುತ್ತಿದ್ದರು, ಯಾರೂ ದೂರು ಹೇಳುತ್ತಿರಲಿಲ್ಲ.

ಉಬ್ಬಿದ ಬಾಟಲಿಗಳನ್ನು ಮತ್ತೆ ಕುದಿಸಿ ಮಾರಬೇಡಿ. ಯೀಸ್ಟ್ ಸತ್ತರೂ ಹುಳಿ, ಹಳಸಲು ವಾಸನೆ ಉಳಿಯುತ್ತದೆ. ಗಾಜಿನದಾದರೆ ಒತ್ತಡಕ್ಕೆ ಒಡೆಯಬಹುದು, ಬಟ್ಟೆ ಸುತ್ತಿ, ಮುಖದಿಂದ ದೂರ ಹಿಡಿದು ನಿಧಾನಕ್ಕೆ ತೆರೆಯಿರಿ. ತೋಟಕ್ಕೆ ಜೀವಾಮೃತ ಎಂಬ ದ್ರವ ಗೊಬ್ಬರ ಮಾಡುವವರಾದರೆ 200 ಲೀಟರ್ ನೀರಿಗೆ ಹಾಕುವ ಎರಡು ಕಿಲೋ ಬೆಲ್ಲಕ್ಕೆ ಇದು ಆಗುತ್ತದೆ.

ಮುಂದಿನ ಹಂಗಾಮಿಗೆ ಏನು ಬದಲಿಸಬೇಕು? ಆಲೆಮನೆಯಲ್ಲಿ ಪಾಕ ನೋಡುವವರು ಸೌಟಿನಿಂದ ಇಳಿಯುವ ಎಳೆ ನೋಡಿ, ನೀರಿಗೆ ಹನಿ ಬಿಟ್ಟು ಹದ ಹೇಳುತ್ತಾರೆ. ಅವರ ಕಣ್ಣಿನ ಮೇಲೆ ನನಗೆ ದೊಡ್ಡ ಗೌರವವಿದೆ. ಆ ಕಣ್ಣಿಗೆ ಜೊತೆಯಾಗಿ ಎರಡು ಉಪಕರಣ ಇರಲಿ. ಒಂದು ಥರ್ಮಾಮೀಟರ್, ಇನ್ನೊಂದು ರಿಫ್ರಾಕ್ಟೋಮೀಟರ್. ಎರಡನೆಯದು ಪಾಕದ ಒಂದು ಹನಿಯಲ್ಲಿ ಕರಗಿರುವ ಘನಾಂಶ, ಹೆಚ್ಚೂಕಡಿಮೆ ಸಕ್ಕರೆ, ಎಷ್ಟು ಶೇಕಡಾ ಎಂದು ತೋರಿಸುತ್ತದೆ. ಆ ಅಳತೆಗೆ ಬ್ರಿಕ್ಸ್ ಎನ್ನುತ್ತಾರೆ. ಕೊಳ್ಳುವಾಗ ಒಂದು ಎಚ್ಚರ: ಹಣ್ಣಿನ ರಸಕ್ಕೆ ಬಳಸುವ 0–32ರ ಉಪಕರಣ ನಿಮಗೆ ಉಪಯೋಗಕ್ಕೆ ಬಾರದು. ಜೇನು ಸಾಕುವವರು ಬಳಸುವ, 90ರವರೆಗೆ ಓದುವಂಥದ್ದು ಬೇಕು. ಹನಿಯನ್ನು ತಣಿಸಿ ನೋಡಿ, ಬಿಸಿ ಇದ್ದಾಗ ತಪ್ಪು ತೋರಿಸುತ್ತದೆ.

ದ್ರವ ಬೆಲ್ಲವನ್ನು 103ರಿಂದ 106 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸಬೇಕು ಎಂದು ತಾಂತ್ರಿಕ ಕೈಪಿಡಿಗಳಲ್ಲಿ ಇರುತ್ತದೆ. ಇದನ್ನು ಹಾಗೇ ಅನುಸರಿಸುವ ಮುನ್ನ ಎರಡು ವಿಷಯ ತಿಳಿದಿರಲಿ. ನಿಮ್ಮ ಕಡೆಯ ಊರುಗಳು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ, ನೀರು ಅಲ್ಲಿ 100ಕ್ಕಲ್ಲ, 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆದ್ದರಿಂದ ಮೊದಲು ನಿಮ್ಮ ಥರ್ಮಾಮೀಟರನ್ನು ಕುದಿಯುವ ನೀರಿಗೆ ಅದ್ದಿ, ಎಷ್ಟು ಕಡಿಮೆ ತೋರಿಸುತ್ತದೋ ಪಾಕದ ಲೆಕ್ಕದಲ್ಲೂ ಅಷ್ಟು ಕಳೆಯಿರಿ. ಎರಡನೆಯದು, ಆ ಉಷ್ಣಾಂಶಕ್ಕೆ ಇಳಿಸಿದ ಬೆಲ್ಲ ತೆಳುವಾಗಿರುತ್ತದೆ, 65–70 ಬ್ರಿಕ್ಸ್. ಸಂರಕ್ಷಕ ಸೇರಿಸುವವರಿಗಾಗಿ ಮಾಡಿದ ಲೆಕ್ಕ ಅದು.

ಪೇಟೆಯ ಗ್ರಾಹಕರು ಬಯಸುವುದು ಮೂರು: ಜೇನಿನ ಹಾಗೆ ಸುರಿಯಬೇಕು, ಹರಳು ಕಟ್ಟಬಾರದು, ಏನನ್ನೂ ಬೆರೆಸಿರಬಾರದು. ಈ ಮೂರೂ ಒಂದೇ ಬಾಟಲಿಯಲ್ಲಿ ವರ್ಷವಿಡೀ ನಿಲ್ಲುವುದಿಲ್ಲ. ಕೋಣೆಯ ಉಷ್ಣಾಂಶದಲ್ಲಿ ನೀರು ಸುಮಾರು ಶೇಕಡಾ 67ರ ಪಾಕ ಆಗುವಷ್ಟು ಸುಕ್ರೋಸನ್ನು ಮಾತ್ರ ಕರಗಿಸಿ ಇಟ್ಟುಕೊಳ್ಳಬಲ್ಲದು. ಅದಕ್ಕಿಂತ ಗಟ್ಟಿ ಮಾಡಿದರೆ ಹೆಚ್ಚಿನದು ಹರಳಾಗಿ ಹೊರಬರುತ್ತದೆ. ತೆಳು ಬಿಟ್ಟರೆ ಯೀಸ್ಟ್ ಹಿಡಿಯುತ್ತದೆ. ನೀವು ಯಾವುದನ್ನು ಬಿಟ್ಟುಕೊಡುತ್ತೀರಿ ಎಂಬುದರ ಮೇಲೆ ದಾರಿ ತೀರ್ಮಾನವಾಗುತ್ತದೆ.

ಹರಳು ಕಟ್ಟಿದರೆ ಕಟ್ಟಲಿ ಎನ್ನುವುದಾದರೆ 75 ಬ್ರಿಕ್ಸ್ ದಾಟುವವರೆಗೆ ಕಾಯಿಸಿ, ಏನನ್ನೂ ಸೇರಿಸಬೇಡಿ. ಇದು ನಮ್ಮ ಹಳೆಯ ಜೋನಿಗೆ ಹತ್ತಿರ. ಹರಳಿನ ಬಗ್ಗೆ ಗ್ರಾಹಕರಿಗೆ ತಿಳಿಸಿ ಹೇಳಬೇಕಾಗುತ್ತದೆ, ಚೂರು ಗಟ್ಟಿಯಾದ್ದರಿಂದ ಅಗಲ ಬಾಯಿಯ ಬಾಟಲಿ ಬೇಕು. ನನ್ನ ಒಲವು ಇದರ ಕಡೆಗೇ. ಸುರಿಯುವಂತೆಯೇ ಇರಬೇಕು, ಹರಳೂ ಬೇಡ ಎಂದಾದರೆ ಸಿಟ್ರಿಕ್ ಆಮ್ಲದ ದಾರಿ ಇದೆ. ಒಂದು ಕ್ವಿಂಟಾಲ್ ಬೆಲ್ಲಕ್ಕೆ ಸುಮಾರು 40 ಗ್ರಾಂ. ಆಮ್ಲ ಸುಕ್ರೋಸನ್ನು ಒಡೆಯುವುದರಿಂದ ಹರಳು ತಡೆಯುತ್ತದೆ. ಆಗ ‘ಕಬ್ಬಿನ ಹಾಲು ಮಾತ್ರ’ ಎಂದು ಬರೆಯುವ ಹಾಗಿಲ್ಲ, ಪದಾರ್ಥಗಳ ಪಟ್ಟಿಯಲ್ಲಿ ಅದನ್ನು ಹಾಕಬೇಕು. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್‌ನಂಥ ಸಂರಕ್ಷಕ ಬಳಸಿದರೆ ತೆಳು ಬೆಲ್ಲವೂ ಉಳಿಯುತ್ತದೆ. ಆದರೆ ಅದು ಗಂಧಕದ ಡೈಆಕ್ಸೈಡ್ ಬಿಡುವ ವಸ್ತು. ‘ಪಾರಂಪರಿಕ’ ಎಂದು ಹುಡುಕಿಕೊಂಡು ಬಂದವರು ಅದನ್ನು ಓದಿದೊಡನೆ ಬಾಟಲಿ ಕೆಳಗಿಡುತ್ತಾರೆ. ನಿಮಗೆ ನಾನು ಅದನ್ನು ಸೂಚಿಸಲಾರೆ.

ಯಾವ ದಾರಿಯಾದರೂ ಬಾಟಲಿ ತುಂಬುವುದು ಆಲೆಮನೆಯ ಹಂಗಾಮಿನಲ್ಲೇ ಮುಗಿಯಲಿ. ಡಬ್ಬದಲ್ಲಿಟ್ಟು ಮಳೆಗಾಲದಲ್ಲಿ ತುಂಬುವ ಪದ್ಧತಿ ಬಿಡಿ. ಪಾಕ ಸುಮಾರು 85 ಡಿಗ್ರಿ ಇರುವಾಗಲೇ, ತೊಳೆದು ಕುದಿಸಿ ಪೂರ್ತಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ. ಬಾಟಲಿ ಬೆಚ್ಚಗಿರಲಿ, ಇಲ್ಲದಿದ್ದರೆ ಬಿಸಿಗೆ ಸೀಳುತ್ತದೆ. ಮುಚ್ಚಳ ಬಿಗಿದು ಐದು ನಿಮಿಷ ತಲೆಕೆಳಗೆ ಇಡಿ, ಮುಚ್ಚಳದ ಒಳಮೈಯೂ ಬಿಸಿಯಾಗಬೇಕು. ಸಾಧಾರಣ ಪ್ಲಾಸ್ಟಿಕ್ ಬಾಟಲಿ ಈ ಬಿಸಿಗೆ ಸೊಟ್ಟಗಾಗುತ್ತದೆ. ಗಾಜು ಕೊರಿಯರ್‌ನಲ್ಲಿ ಒಡೆಯುವ ಭಯ ನಿಜ, ಸಾಗಣೆಯೂ ದುಬಾರಿ. ಹಾಗಿದ್ದರೂ 250 ಗ್ರಾಂನ ಸಣ್ಣ ಬಾಟಲಿಯೇ ಒಳ್ಳೆಯದು. ಪೇಟೆಯ ಮನೆಯಲ್ಲಿ ತೆರೆದ ಬಾಟಲಿ ಬೇಗ ಮುಗಿಯಬೇಕು. ‘ತೆರೆದ ಮೇಲೆ ಫ್ರಿಜ್‌ನಲ್ಲಿಡಿ, ಒಣ ಚಮಚ ಬಳಸಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ.

ಬಣ್ಣದ ವಿಷಯದಲ್ಲಿ ನೀವು ಒಂದು ಹೆಜ್ಜೆಯೂ ಹಿಂದೆ ಸರಿಯಬೇಡಿ. ಕಬ್ಬಿನ ಹಾಲು ಕಾಯುವಾಗ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಕಂದು ಬಣ್ಣ ಬರುತ್ತದೆ, ಕಬ್ಬಿನ ಫೀನಾಲ್‌ಗಳು ಕಬ್ಬಿಣದ ಜೊತೆ ಸೇರಿದರೆ ಇನ್ನೂ ಕಪ್ಪಾಗುತ್ತದೆ. ತಳಿ, ಮಣ್ಣು, ಒಲೆಯ ಉರಿ ಎಲ್ಲವೂ ಇದರಲ್ಲಿ ಕೈ ಆಡಿಸುತ್ತವೆ. ಮಾರುಕಟ್ಟೆಯ ಹಳದಿ ಬೆಲ್ಲದ ಹಿಂದೆ ಬಹಳ ಸಲ ಇರುವುದು ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಬಿಳುಪು ಮಾಡುವ ಪುಡಿ. ಅದು ಬಣ್ಣವನ್ನು ತಾತ್ಕಾಲಿಕವಾಗಿ ಅಡಗಿಸುತ್ತದೆ, ಗಾಳಿ ತಾಗುತ್ತ ಹೋದಂತೆ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದು ಎಂದು ಆಹಾರ ಮಾನಕ ಮಿತಿ ಹಾಕಿದೆ. ಅಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ಎನ್ನುವ ಈ ಗಂಧಕದ ಅಂಶ ಉಸಿರು ಕಟ್ಟಿಸುತ್ತದೆ, ಅದಕ್ಕೇ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಲೇಬಲ್‌ನಲ್ಲಿ ಹೇಳಲೇಬೇಕು.

ಹಾಗೆಂದು ‘ಕಪ್ಪಿದ್ದಷ್ಟೂ ಶುದ್ಧ’ ಎಂಬ ಮಾತೂ ಪೂರ್ತಿ ಸರಿಯಲ್ಲ. ಕೊಳೆ ಸರಿಯಾಗಿ ತೆಗೆಯದ, ತಳ ಹಿಡಿದ, ಸುಣ್ಣ ಹೆಚ್ಚಾದ ಬೆಲ್ಲವೂ ಕಪ್ಪೇ. ಬೆಂಡೆ ಗಿಡದ ಲೋಳೆ ಹಾಕಿ, ಕುದಿ ಬರುವ ಮುನ್ನವೇ ಮೇಲೆ ಕಟ್ಟುವ ಕೊಳೆಯನ್ನು ತಾಳ್ಮೆಯಿಂದ ತೆಗೆದರೆ ಯಾವ ಪುಡಿಯೂ ಇಲ್ಲದೆ ಬೆಲ್ಲ ತಿಳಿಯಾಗಿ ಕೆಂಪಿಗೆ ತಿರುಗುತ್ತದೆ. ಸುಣ್ಣದ ತಿಳಿ ಹಾಕುವುದಾದರೆ ಕೈ ಬಿಗಿ ಹಿಡಿಯಿರಿ. ಕಡಿದ ಕಬ್ಬನ್ನು ಒಂದು ದಿನದೊಳಗೆ ಗಾಣಕ್ಕೆ ಕೊಡಿ. ತಡವಾದರೆ ಕಬ್ಬಿನೊಳಗೇ ಸುಕ್ರೋಸ್ ಒಡೆಯಲು ಶುರುವಾಗಿ ಹುಳಿ ಹೆಚ್ಚುತ್ತದೆ, ಬಣ್ಣವೂ ಕೆಡುತ್ತದೆ.

‘ರಾಸಾಯನಿಕಮುಕ್ತ’ ಎಂದು ಬರೆಯುವುದಕ್ಕಿಂತ ‘ಹೈಡ್ರೋಸ್ ಬಳಸಿಲ್ಲ’ ಎಂದು ಬರೆಯಿರಿ. ಮೊದಲನೆಯದನ್ನು ಎಲ್ಲರೂ ಬರೆಯುತ್ತಾರೆ, ಯಾರೂ ಸಾಬೀತು ಮಾಡಲಾರರು. ಎರಡನೆಯದಕ್ಕೆ ಪ್ರಯೋಗಾಲಯದ ವರದಿ ಆಧಾರವಾಗುತ್ತದೆ. ಎನ್‌ಎಬಿಎಲ್ ಮಾನ್ಯತೆಯ ಯಾವುದಾದರೂ ಪ್ರಯೋಗಾಲಯದಲ್ಲಿ ಗಂಧಕದ ಡೈಆಕ್ಸೈಡ್ ಮತ್ತು ಪೋಷಕಾಂಶ ಎರಡನ್ನೂ ಒಟ್ಟಿಗೆ ಪರೀಕ್ಷೆ ಮಾಡಿಸಿ, ವರದಿಯನ್ನು ಕೇಳಿದವರಿಗೆ ತೋರಿಸಿ. ‘ಸಾವಯವ’ ಎಂಬ ಪದಕ್ಕೆ ಸಾಮಾನ್ಯವಾಗಿ ಸರ್ಕಾರದ ಸಾವಯವ ದೃಢೀಕರಣ ವ್ಯವಸ್ಥೆಗಳಾದ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣಪತ್ರ ಬೇಕು, ಗೊಬ್ಬರ ಹಾಕಿಲ್ಲ ಎಂಬ ನಿಮ್ಮ ಮಾತೊಂದೇ ಸಾಲದು.

ಹಾಗಾದರೆ ಬಾಟಲಿಯ ಮುಂದೆ ಏನಿರಬೇಕು? ಊರಿನ ಹೆಸರು, ಕಬ್ಬಿನ ತಳಿ, ಬೆಲ್ಲ ಇಳಿಸಿದ ತಿಂಗಳು. ‘ಕಬ್ಬಿನ ಹಾಲಿನ ಹೊರತು ಏನೂ ಸೇರಿಲ್ಲ’ ಎಂಬ ಸಾಲು, ಅದು ನಿಜವಾಗಿದ್ದರೆ. ‘ತಳದ ಹರಳು ಕಬ್ಬಿನದೇ, ಬಾಟಲಿಯನ್ನು ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ’ ಎಂಬ ಸಾಲು. ಹಿಂದೆ ಒಂದು ಚಮಚದ ಲೆಕ್ಕ. ದೊಡ್ಡ ಚಮಚ ಜೋನಿ ಸುಮಾರು 20 ಗ್ರಾಂ ತೂಗುತ್ತದೆ, ಅದರಲ್ಲಿ ಸಕ್ಕರೆ ಸುಮಾರು 15 ಗ್ರಾಂ. ದಿನದ 2000 ಕ್ಯಾಲೊರಿ ಆಹಾರದಲ್ಲಿ ಇಂಥ ಸಕ್ಕರೆಯೆಲ್ಲ ಸೇರಿ 50 ಗ್ರಾಂ ಮೀರದಿರಲಿ, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಕ್ಕರೆ ಎಷ್ಟಿದೆ ಎಂದು ತಾವೇ ಬರೆದ ಬೆಲ್ಲದವರನ್ನು ಗ್ರಾಹಕರು ನಂಬುತ್ತಾರೆ. ಮಗಳಿಗೆ ಇದು ವ್ಯಾಪಾರಕ್ಕೆ ಅಡ್ಡಿ ಎನಿಸಬಹುದು. ಒಂದು ಹಂಗಾಮು ಪ್ರಯತ್ನಿಸಲಿ.

ಉಳಿದ ಕೆಲಸವನ್ನು ರುಚಿಗೆ ಬಿಡಿ. ಜೋನಿಯಲ್ಲಿ ಸಿಹಿಯ ಜೊತೆ ಒಂದು ಸಣ್ಣ ಹುಳಿ, ಹೊಗೆಯ ವಾಸನೆ, ಸುಟ್ಟ ಸಕ್ಕರೆಯ ಘಮ ಎಲ್ಲ ಇವೆ. ಬಿಳಿ ಸಕ್ಕರೆಗೆ ಇದು ಎಂದೂ ಬಾರದು. ಪೇಟೆಯವರಿಗೆ ಗೊತ್ತಿಲ್ಲದೇ ಇರುವುದು ಇದನ್ನು ಯಾವುದರ ಜೊತೆ, ಎಷ್ಟು ತಿನ್ನಬೇಕು ಎಂಬುದು. ಕಾಫಿಗೆ ಸುರಿದು ಹಾಲು ಒಡೆಯಿತು ಎಂದು ಬೇಸರಪಡುತ್ತಾರೆ. ಬೆಲ್ಲದ ಆಮ್ಲಕ್ಕೆ ಬಿಸಿ ಹಾಲು ಒಡೆಯಬಹುದು, ಕಾಫಿ ಸ್ವಲ್ಪ ಆರಿದ ಮೇಲೆ ಹಾಕಲು ತಿಳಿಸಿ. ಬಾಟಲಿಯ ಜೊತೆ ಒಂದು ಚೀಟಿ ಇಡಿ. ತೆಳ್ಳೇವಿಗೆ, ಅಂದರೆ ತೆಳು ದೋಸೆಗೆ, ತುಪ್ಪದ ಜೊತೆ ಒಂದು ಚಮಚ. ಬಿಸಿ ಕಡುಬಿನ ಮೇಲೆ ಕಾಯಿತುರಿಯೊಂದಿಗೆ. ಬೇಸಿಗೆಯಲ್ಲಿ ನಿಂಬೆ, ಏಲಕ್ಕಿ ಹಾಕಿದ ಪಾನಕ. ಹೀಗೆ ಹಿಟ್ಟು, ತುಪ್ಪ, ಕಾಯಿಯ ಜೊತೆ ಸ್ವಲ್ಪವೇ ತಿನ್ನುವುದು ನಮ್ಮ ಅಡುಗೆಮನೆಯ ಕ್ರಮ, ಮಿತ ಆಹಾರ ಬಯಸುವವರಿಗೂ ಅದು ಒಪ್ಪುತ್ತದೆ.

ಶುಂಠಿ, ಅರಿಶಿನ ಈ ವರ್ಷ ಬೇಡ. ಮೂಲ ಬೆಲ್ಲವೇ ಇನ್ನೂ ಬಾಟಲಿಯಲ್ಲಿ ನಿಲ್ಲುತ್ತಿಲ್ಲ. ಹಸಿ ಶುಂಠಿಯ ರಸ ಸೇರಿಸಿದರೆ ನೀರು ಹೆಚ್ಚಿ ಮತ್ತೆ ಹುಳಿಯಾಗುತ್ತದೆ. ಮುಂದೆ ಮಾಡುವುದಾದರೆ ಒಣ ಶುಂಠಿಯ ಪುಡಿಯನ್ನೇ ಬಳಸಿ, ಪಾಕ ಕುದಿಯುತ್ತಿರುವಾಗಲೇ ಹಾಕಿ. ಪುಡಿಯಲ್ಲೂ ಬೂಸ್ಟಿನ ಬೀಜಾಣು ಇರುತ್ತವೆ. ಆಗಲೂ ‘ರೋಗನಿರೋಧಕ’ ಎಂದು ಬರೆಯಬೇಡಿ, ‘ಶುಂಠಿ ಜೋನಿ’ ಎಂದರೆ ಸಾಕು.

ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಮನೆಯಲ್ಲಿ ತಯಾರಿಸಿ ಮಾರುವವರಿಗೂ ಅದು ಬೇಕು. ತಾಂತ್ರಿಕ ಸಹಾಯಕ್ಕೆ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ನಿಮಗೆ ಹತ್ತಿರ. ಕಬ್ಬು ಮತ್ತು ಬೆಲ್ಲದ ಸಂಶೋಧನೆ ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತದೆ, ಆಹಾರ ಸಂಸ್ಕರಣೆಗೆ ಮೈಸೂರಿನ ಸಿಎಫ್‌ಟಿಆರ್‌ಐ ಇದೆ.

ಇನ್ನು ಬಾಳಿಕೆಯ ದಿನಾಂಕ. ಬೇರೆಯವರ ಬಾಟಲಿ ನೋಡಿ ‘12 ತಿಂಗಳು’ ಎಂದು ನಕಲು ಮಾಡಬೇಡಿ. ಪ್ರತಿ ಕೊಪ್ಪರಿಗೆಗೂ ಒಂದು ಸಂಖ್ಯೆ ಕೊಟ್ಟು, ಇಳಿಸಿದ ದಿನ ಮತ್ತು ಬ್ರಿಕ್ಸ್ ಬರೆದಿಡಿ. ಒಂದೊಂದರಿಂದಲೂ ಆರು ಬಾಟಲಿ ಮಾರದೆ ಉಳಿಸಿ, ಅರ್ಧವನ್ನು ಅಡುಗೆಮನೆಯ ಕಪಾಟಿನಲ್ಲಿ, ಅರ್ಧವನ್ನು ಬೆಂಗಳೂರಿನ ಮಗಳ ಮನೆಯಲ್ಲಿ ಇಡಿ. ತಿಂಗಳಿಗೊಮ್ಮೆ ಎರಡೂ ಕಡೆ ಒಂದೊಂದನ್ನು ತೆರೆದು ಮೂಸಿ, ರುಚಿ ನೋಡಿ, ನೊರೆ ಇದೆಯೇ ಗಮನಿಸಿ. ಫೆಬ್ರವರಿಯಲ್ಲಿ ತುಂಬಿದ್ದಾದರೆ ಮೂರು ಬಾಟಲಿ ಮೇ ತಿಂಗಳಿಗೇ ಮುಗಿಯುತ್ತವೆ, ಹಾಗಾಗಿ ಮಳೆಗಾಲ ದಾಟಿಸಲು ಮಾರ್ಚ್, ಏಪ್ರಿಲ್ ಬಿಟ್ಟು ಮೇ, ಜುಲೈ, ಸೆಪ್ಟೆಂಬರ್‌ನಲ್ಲಿ ತೆರೆದರೂ ಆದೀತು. ಈ ಮೊದಲ ವರ್ಷ ಲೇಬಲ್ ಮೇಲೆ ಮೂರು ತಿಂಗಳು ಎಂದಷ್ಟೇ ಹಾಕಿ, ಆ ಅವಧಿ ಮುಗಿಯುವ ಮೊದಲೇ ಮಾರಿ ಮುಗಿಸಿ. ಸೆಪ್ಟೆಂಬರ್‌ನ ಬಾಟಲಿ ನೊರೆಯಿಲ್ಲದೆ ತೆರೆದುಕೊಂಡರೆ, ಆ ಬ್ರಿಕ್ಸ್‌ಗೆ ಇಳಿಸಿದ ಬೆಲ್ಲಕ್ಕೆ ಮುಂದಿನ ವರ್ಷ ಆರು ತಿಂಗಳು ಬರೆಯಬಹುದು.